ಮೊದಲ ಸುತ್ತಿನ ಮುಳ್ಳು

ಡಾ. ಚಂದ್ರಮೌಳಿಯವರ ಮನೆಯಲ್ಲಿ ಒಂದು ನಿಯಮವಿತ್ತು. ಸ್ಟಾಪ್‌ವಾಚು ತೋರಿಸುವ ಸಮಯವನ್ನು ನೋಟ್‌ಬುಕ್ಕಿನಲ್ಲಿ ಬರೆಯುವ ಮೊದಲು ಯಾರೂ ಅದನ್ನು ಸೊನ್ನೆಗೆ ತರಬಾರದು. ಊಟಕ್ಕೆ ಕರೆದರೂ ಸರಿ, ಮಳೆ ಬಂದರೂ ಸರಿ, ಮೊದಲು ಬರೆಯಬೇಕು, ಆಮೇಲೆ ಗುಂಡಿ ಒತ್ತಬೇಕು.

ವಾಚಿಗೆ ಎರಡು ಸೆಕೆಂಡ್ ಮುಳ್ಳುಗಳಿದ್ದವು, ಒಂದು ಕಪ್ಪು, ಒಂದು ಕೆಂಪು. ಓಟ ಶುರುವಾದಾಗ ಎರಡೂ ಒಂದರ ಮೇಲೊಂದು ಕೂತು ಒಟ್ಟಿಗೆ ತಿರುಗುತ್ತಿದ್ದವು. ಮೊದಲ ಸುತ್ತು ಮುಗಿದಾಗ ಪಕ್ಕದ ಗುಂಡಿ ಒತ್ತಿದರೆ ಕೆಂಪು ಮುಳ್ಳು ಅಲ್ಲೇ ನಿಲ್ಲುತ್ತಿತ್ತು, ಕಪ್ಪು ಮುಳ್ಳು ಮುಂದೆ ಹೋಗುತ್ತಿತ್ತು. ಓಟ ಮುಗಿದು ಕಪ್ಪು ಮುಳ್ಳನ್ನೂ ನಿಲ್ಲಿಸಿದ ಮೇಲೆ ಎರಡೂ ಸಮಯಗಳು ಒಂದೇ ಮುಖದ ಮೇಲೆ ಉಳಿಯುತ್ತಿದ್ದವು, ಯಾರಾದರೂ ಸೊನ್ನೆ ಮಾಡುವವರೆಗೆ.

ಚಂದ್ರಮೌಳಿ ಫ್ರೀಮ್ಯಾಂಟಲ್‌ನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ತಜ್ಞರು. ಮೈಸೂರು ಬಿಟ್ಟು 1963ರಲ್ಲಿ ಇಂಗ್ಲೆಂಡಿಗೆ ಹೋದರು, 1972ರಲ್ಲಿ ಅಲ್ಲಿಂದ ಪರ್ತ್‌ಗೆ ಬಂದು ಪಾಲ್‌ಮೈರಾದಲ್ಲಿ ಮನೆ ಮಾಡಿದರು. ಮೈಸೂರು ಬಿಡುವಾಗ ದೊಡ್ಡ ಮಗಳು ಅಹಲ್ಯಾಗೆ ನಾಲ್ಕು ವರ್ಷ. ಕಸ್ತೂರಿ ಹುಟ್ಟಿದ್ದು ಲೀಡ್ಸ್‌ನಲ್ಲಿ. ಅಹಲ್ಯಾ ಮನೆಯಲ್ಲಿ ಕನ್ನಡವನ್ನೇ ಆಡುತ್ತಿದ್ದಳು. ಕಸ್ತೂರಿಗೆ ಎಲ್ಲ ಅರ್ಥವಾಗುತ್ತಿತ್ತು, ಆದರೆ ಉತ್ತರ ಹೆಚ್ಚಾಗಿ ಇಂಗ್ಲಿಷಿನಲ್ಲೇ ಬರುತ್ತಿತ್ತು. ಚಂದ್ರಮೌಳಿಯವರ ತಾಯಿ ನಾಗವೇಣಮ್ಮ 1977ರಲ್ಲಿ ಮೂರು ತಿಂಗಳಿಗೆಂದು ಬಂದವರು ಹಿಂದಿರುಗಿರಲಿಲ್ಲ.

ಅಹಲ್ಯಾ ಎಂಟುನೂರು ಮೀಟರ್ ಓಡುತ್ತಿದ್ದಳು. 1974ರಿಂದ ಏಳು ವರ್ಷ, ಅವಳ ಪ್ರತಿಯೊಂದು ಓಟಕ್ಕೂ ಚಂದ್ರಮೌಳಿ ಗುರಿಗೆರೆಯ ಪಕ್ಕ ಬೇಲಿಗೆ ಒರಗಿ ನಿಂತು, ಅವಳು ಮೊದಲ ಸುತ್ತು ಮುಗಿಸುತ್ತಿದ್ದಂತೆ ಸಮಯವನ್ನು ಕನ್ನಡದಲ್ಲಿ ಕೂಗುತ್ತಿದ್ದರು. "ಅರವತ್ತಮೂರು, ಅಹಲ್ಯಾ! ಅರವತ್ತಮೂರು!" ಪಕ್ಕದಲ್ಲಿ ಓಡುವವರಿಗೆ ತಿಳಿಯಬಾರದೆಂದು ಕನ್ನಡ. ಇದೇನು ಪ್ರಾರ್ಥನೆಯೇ, ಡಾಕ್ಟರೇ, ಎಂದು ಒಬ್ಬ ಹುಡುಗಿಯ ತಂದೆ ಕೇಳಿದ್ದುಂಟು.

ಕಸ್ತೂರಿ ಇನ್ನೂರು, ನಾನೂರು ಮೀಟರ್ ಓಡುವವಳು. ಕಣ್ಣಿಗೆ ದಪ್ಪ ಗಾಜಿನ ಕನ್ನಡಕ. ಓಡುವಾಗ ತೆಗೆದಿಡುತ್ತಿದ್ದಳು. ಬಿಳಿ ಗೆರೆಗಳು ಕಂಡರೆ ಸಾಕಿತ್ತು, ಉಳಿದದ್ದು ಮಂಜು. ಇನ್ನೂರು ಮೀಟರಿನಲ್ಲಿ ಕೂಗುವುದಕ್ಕೆ ಏನೂ ಇರಲಿಲ್ಲ, ಇಪ್ಪತ್ತೈದು ಸೆಕೆಂಡಿನಲ್ಲಿ ಮುಗಿದುಹೋಗುತ್ತಿತ್ತು.

1981ರ ಜೂನ್‌ನಲ್ಲಿ ಅಹಲ್ಯಾಳ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿಯಿತು. ಒಂದು ವರ್ಷ ಓಡಬಾರದೆಂದರು. ಆಗ ಅವಳು ಮೆಡಿಕಲ್ ಕೊನೆಯ ವರ್ಷದಲ್ಲಿದ್ದಳು. ಅಕ್ಟೋಬರಿನ ಒಂದು ಮಂಗಳವಾರ ರಾತ್ರಿಯ ಊಟದಲ್ಲಿ ಕಸ್ತೂರಿ ತಟ್ಟೆಯಿಂದ ತಲೆಯೆತ್ತದೆ ಹೇಳಿದಳು:

"ಕೆವಿನ್ ವಾಂಟ್ಸ್ ಮಿ ಟು ಟ್ರೈ ದಿ ಎಯ್ಟ್ ಹಂಡ್ರೆಡ್."

ಕೆವಿನ್ ಅವಳ ಕೋಚ್. ನಾನೂರರಲ್ಲಿ ಅವಳು ಎರಡು ಸೀಸನ್ನಿಂದ 55.4ಕ್ಕೆ ಅಂಟಿಕೊಂಡಿದ್ದಳು. ರಾಜ್ಯದಲ್ಲಿ ಅವಳಿಗಿಂತ ವೇಗವಾಗಿ ಓಡುವವರು ನಾಲ್ವರಿದ್ದರು.

"ಎಂಟ್ನೂರಾ?" ಅಹಲ್ಯಾ ಹುಳಿಯ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ಅದು ನನ್ ರೇಸು."

"ನೀನು ಈಗ ಓಡ್ತಿಲ್ವಲ್ಲೇ," ಎಂದರು ನಾಗವೇಣಮ್ಮ.

"ಕಾಲು ಸರಿಹೋಗತ್ತೆ, ಅಜ್ಜಿ."

"ಸರಿಹೋದ್ಮೇಲೆ ಇಬ್ರೂ ಓಡಿ. ಅದೇನು ನಮ್ಮನೆ ಹಜಾರಾನಾ, ಜಾಗ ಸಾಲಲ್ಲ ಅನ್ನಕ್ಕೆ?"

ಚಂದ್ರಮೌಳಿ ಅನ್ನಕ್ಕೆ ಮೊಸರು ಕಲೆಸುತ್ತ ಲೆಕ್ಕ ಹಾಕುತ್ತಿದ್ದರು. "ನಾನೂರು ಓಡೋರಿಗೆ ವೇಗ ಇರತ್ತೆ, ತಾಳ್ಮೆ ಇರಲ್ಲ. ಮೊದಲ್ನೇ ಸುತ್ತು ಜೋರಾಗಿ ಹೋಗಿ ಕೊನೇಲಿ ಬಿದ್ಹೋಗ್ತಾರೆ. ಇವಳಿಗಂತೂ ಮೈದಾನದ ಗಡಿಯಾರ ಕಾಣಲ್ಲ. ಯಾರಾದ್ರೂ ಟೈಮ್ ಕೂಗಲೇಬೇಕು."

"ಯಾರಾದ್ರೂ ಅಂದ್ರೆ?" ಎಂದಳು ಅಹಲ್ಯಾ.

"ನಾನೇ. ಇನ್ಯಾರು?"

ಅಹಲ್ಯಾ ಹುಳಿ ಬಡಿಸಿಕೊಳ್ಳಲಿಲ್ಲ. ಬರೀ ಅನ್ನ ತಿಂದು ಎದ್ದಳು.

ಕಸ್ತೂರಿಯ ಮೊದಲ ಎಂಟುನೂರು 2 ನಿಮಿಷ 12.6 ಸೆಕೆಂಡ್. ನವೆಂಬರ್ ಕೊನೆಗೆ 2:09.1. ಅಹಲ್ಯಾಳ ಏಳು ವರ್ಷದ ಅತ್ಯುತ್ತಮ ಸಮಯ 2:08.4.

ಡಿಸೆಂಬರ್ 19, ಶನಿವಾರ, ಬೆಳಿಗ್ಗೆ ಅಹಲ್ಯಾ ಅಡುಗೆಮನೆಗೆ ಬಂದಾಗ ಅವಲಕ್ಕಿಯ ಡಬ್ಬಿಯ ಮುಚ್ಚಳ ತೆಗೆದಿತ್ತು. ಪರ್ತ್‌ನಲ್ಲಿ ಆಗ ಅವಲಕ್ಕಿ ಸಿಗುತ್ತಿರಲಿಲ್ಲ. ಮೈಸೂರಿನಿಂದ ರುಕ್ಮಿಣಿ ಅತ್ತೆ ವರ್ಷಕ್ಕೆರಡು ಸಲ ಪಾರ್ಸೆಲ್ ಕಳಿಸುತ್ತಿದ್ದರು. ಅದು ಓಟದ ದಿನದ ಬೆಳಿಗ್ಗೆಗೆ ಮೀಸಲು. ಅಹಲ್ಯಾಗೆ ಮೊಸರವಲಕ್ಕಿ, ಒಂದು ಬಟ್ಟಲು, ಓಟಕ್ಕೆ ನಾಲ್ಕು ಗಂಟೆ ಮೊದಲು. ಡಬ್ಬಿಯ ಮೇಲೆ ಆಸ್ಪತ್ರೆಯ ಬಿಳಿ ಪ್ಲಾಸ್ಟರ್ ಪಟ್ಟಿ ಅಂಟಿಸಿ ತಾಯಿ ವಿಶಾಲಾಕ್ಷಿ ಬರೆದಿದ್ದರು: ಅಹಲ್ಯಾ, ರೇಸ್.

"ಯಾರು ತಿಂದಿದ್ದು ಇದನ್ನ?"

"ನಿನ್ ತಂಗಿ. ಇವತ್ತು ರೇಸಲ್ವಾ ಅವಳ್ದು." ವಿಶಾಲಾಕ್ಷಿ ಮಸಾಲೆ ಹುರಿಯುತ್ತಿದ್ದರು, ತಿರುಗಿ ನೋಡಲಿಲ್ಲ.

"ಅವಳು ಟೋಸ್ಟ್ ತಿಂತಿದ್ಲಲ್ಲ."

"ಟೋಸ್ಟ್ ಸಾಲಲ್ಲ ಎಂಟ್ನೂರಕ್ಕೆ ಅಂದ್ರು ನಿಮ್ಮಪ್ಪ."

"ಡಬ್ಬಿ ಮೇಲೆ ಯಾರ ಹೆಸರಿದೆ ಅಮ್ಮ?"

"ಹೆಸರು ನೋಡ್ಕೊಂಡು ಹುಳ ಬೀಳೋದು ನಿಲ್ಲತ್ತೇನೇ? ನೀನು ಓಡೋಹೊತ್ತಿಗೆ ಬೇರೆ ಪಾರ್ಸೆಲ್ ಬಂದಿರತ್ತೆ. ಒಂದು ಹಿಡಿ ಅವಲಕ್ಕಿಗೆ ಇಷ್ಟ್ ಮಾತಾ?"

ಕಸ್ತೂರಿ ಹಿತ್ತಿಲಿನಿಂದ ಬಂದಳು, ಕೈಯಲ್ಲಿ ತೊಳೆದ ಬಟ್ಟಲು. "ಅಕ್ಕ, ಐ ಡಿಡ್ನ್ಟ್ ಆಸ್ಕ್ ಫಾರ್ ಇಟ್. ಹ್ಯಾವ್ ಇಟ್ ಆಲ್. ನಂಗೆ ಟೋಸ್ಟೇ ಇಷ್ಟ."

"ತಿಂದಾದ್ಮೇಲೆ ಹೇಳು," ಎಂದಳು ಅಹಲ್ಯಾ.

ಅಂದು ಸಂಜೆ ಕಸ್ತೂರಿ 2:07.9 ಓಡಿದಳು. ಮನೆಗೆ ಬಂದು ಚಂದ್ರಮೌಳಿ ಕೈ ತೊಳೆದು, ನೋಟ್‌ಬುಕ್ ತೆರೆದು, ವಾಚು ನೋಡಿ ಬರೆದರು. ಅದೇ ಪುಟದಲ್ಲಿ ಎರಡು ವರ್ಷದ ಹಿಂದಿನ 2:08.4 ಇತ್ತು, ಅಡಿಗೆರೆ ಎಳೆದು. ಅವರು ಹೊಸ ಅಂಕಿಯ ಕೆಳಗೂ ಗೆರೆ ಎಳೆದರು.

"ಅವಳಿಗೆ ಬೇರೆ ಪುಸ್ತಕ ಇಡಿ ಅಪ್ಪ."

"ಯಾಕೆ? ಇದು ಎಂಟ್ನೂರರ ಪುಟ."

"ಇದು ನನ್ನ ಪುಟ."

"ಪುಟ ಯಾರ್ದೂ ಅಲ್ಲಮ್ಮ, ದೂರದ್ದು." ಅವರು ಗುಂಡಿ ಒತ್ತಿದರು. ಮುಳ್ಳುಗಳೆರಡೂ ಹಾರಿ ಮೇಲಕ್ಕೆ ಬಂದು ಕೂತವು.

ಜನವರಿ ಮೊದಲ ವಾರ ಅಹಲ್ಯಾ ಅಡಿಲೇಡ್‌ನ ಆಸ್ಪತ್ರೆಯೊಂದಕ್ಕೆ ಇಂಟರ್ನ್ ಆಗಿ ಹೋದಳು. ಪರ್ತ್‌ನಲ್ಲೇ ಜಾಗ ಸಿಕ್ಕಿತ್ತು, ಅವಳು ಕೇಳಿ ಬದಲಾಯಿಸಿಕೊಂಡಳು. ಯಾಕೆಂದು ವಿಶಾಲಾಕ್ಷಿ ಕೇಳಿದ್ದಕ್ಕೆ, "ಅಲ್ಲಿ ಚೆನ್ನಾಗಿ ಕಲಿಸ್ತಾರಂತೆ," ಎಂದಷ್ಟೇ ಹೇಳಿದಳು.

ಆದರೆ ಓಟ ಅಲ್ಲಿಗೂ ಬಂತು. ರಾಜ್ಯದ ಆಯ್ಕೆಗಾರರು ಕೆವಿನ್‌ಗೆ ಹೇಳಿದ್ದರು: ಈ ಸೀಸನ್ನಿನಲ್ಲಿ ಒಂದು ಸಲ 2:06ರೊಳಗೆ ಓಡಿದರೆ ಕಸ್ತೂರಿಯನ್ನು ಚಳಿಗಾಲದ ತರಬೇತಿ ಶಿಬಿರಕ್ಕೆ ಕರೆಯುತ್ತೇವೆ. ಒಳ್ಳೆಯ ಪೈಪೋಟಿ ಇರುವ ಕೂಟಗಳು ಎರಡೇ ಉಳಿದಿದ್ದವು. ಜನವರಿ 30ಕ್ಕೆ ಅಡಿಲೇಡ್, ಮಾರ್ಚ್ 20ಕ್ಕೆ ಬ್ರಿಸ್ಬೇನ್.

ಜನವರಿ 30ರಂದು ಚಂದ್ರಮೌಳಿಯವರಿಗೆ ಆಸ್ಪತ್ರೆಯ ಪಾಳಿ ತಪ್ಪಿಸಿಕೊಳ್ಳಲಾಗಲಿಲ್ಲ. ವಾಚು, ನೋಟ್‌ಬುಕ್, ಅವಲಕ್ಕಿ ಡಬ್ಬಿ ಮೂರನ್ನೂ ಕಸ್ತೂರಿಯ ಚೀಲದಲ್ಲಿಟ್ಟು ಕಳಿಸಿದರು. ಅಹಲ್ಯಾ ಕೂಗಬೇಕೆಂದು ತೀರ್ಮಾನವಾಯಿತು. ಕೆವಿನ್ ಪರ್ತ್ ಬಿಟ್ಟು ಬರುತ್ತಿರಲಿಲ್ಲ, ಮನೆಯಲ್ಲಿ ವಾಚು ಹಿಡಿಯಲು ಬರುತ್ತಿದ್ದವರು ತಂದೆ ಮತ್ತು ಅಹಲ್ಯಾ ಇಬ್ಬರೇ.

ಅಹಲ್ಯಾಳ ಕ್ವಾರ್ಟರ್ಸಿನ ಸಣ್ಣ ಅಡುಗೆಮನೆಯಲ್ಲಿ ಕಸ್ತೂರಿ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಪ್ಲಾಸ್ಟರ್ ಪಟ್ಟಿಯ ಅರ್ಧವನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಉಳಿದದ್ದು: ರೇಸ್.

"ಇದನ್ನ ಕತ್ತರಿಸಿದ್ದು ಯಾರು?"

"ಅಮ್ಮ, ಐ ಥಿಂಕ್. ವಾಸ್ ಇಟ್ ಇಂಪಾರ್ಟೆಂಟ್?"

"ಇಲ್ಲ." ಅಹಲ್ಯಾ ಅವಲಕ್ಕಿ ನೆನೆಹಾಕಿದಳು. ಮೊಸರಿಗೆ ಉಪ್ಪು ಬೆರೆಸಿದಳು.

ಅಷ್ಟರಲ್ಲಿ ಪರ್ತ್‌ನಿಂದ ಫೋನು ಬಂತು. ಅಲ್ಲಿ ಇನ್ನೂ ಬೆಳಿಗ್ಗೆ ಏಳೂವರೆ.

"ಮೊದಲ್ನೇ ಸುತ್ತು ಅರವತ್ತೊಂದು," ಎಂದರು ಚಂದ್ರಮೌಳಿ. "ಐವತ್ತೊಂಬತ್ತು ಅಂತ ಕೇಳಿದ್ರೆ ಅವಳು ಸ್ವಲ್ಪ ವೇಗ ಹಿಡೀತಾಳೆ, ನಿಧಾನ ಮಾಡ್ತಾಳೆ. ಅರವತ್ತೆರಡು ಅಂದ್ರೆ ಜೋರು ಮಾಡ್ತಾಳೆ. ಹಾಗಂತ ಹೇಳ್ಕೊಟ್ಟಿದೀನಿ. ಸರಿಯಾಗಿ ಕೂಗಮ್ಮ. ಅವಳಿಗೆ ಬೇರೇನೂ ಗೊತ್ತಾಗಲ್ಲ."

"ಗೊತ್ತು ಅಪ್ಪ. ಏಳು ವರ್ಷ ಕೇಳಿಸ್ಕೊಂಡಿದೀನಿ."

"ಇದು ಬೇರೆ. ಇವಳು ಎರಡು ನಿಮಿಷ ಮೂರಕ್ಕೆ ಹೋಗ್ತಾಳೆ ನೋಡ್ತಿರು. ಇಂಥ ಕಾಲು ನಮ್ಮನೇಲಿ ಇನ್ನೊಬ್ರಿಗೆ ಇಲ್ಲ."

ಅಹಲ್ಯಾ ಫೋನಿಟ್ಟಳು.

"ಅಪ್ಪ ಏನಂದ್ರು?" ಕಸ್ತೂರಿ ಬಾಯಲ್ಲಿ ಅವಲಕ್ಕಿ ಇಟ್ಟುಕೊಂಡೇ ಕೇಳಿದಳು.

"ಸರಿಯಾಗಿ ಕೂಗು ಅಂದ್ರು."

ಕೆನ್ಸಿಂಗ್ಟನ್ ಮೈದಾನದಲ್ಲಿ ಮಧ್ಯಾಹ್ನ 38 ಡಿಗ್ರಿ ಬಿಸಿಲು. ಹೆಂಗಸರ ಎಂಟುನೂರಕ್ಕೆ ಎಂಟು ಮಂದಿ. ಕಸ್ತೂರಿ ಕನ್ನಡಕ ತೆಗೆದು ಅಕ್ಕನ ಕೈಗೆ ಕೊಟ್ಟು, ಕಣ್ಣು ಕಿರಿದು ಮಾಡಿಕೊಂಡು ಸಾಲಿನತ್ತ ಹೋದಳು.

ಓಟದ ಪಿಸ್ತೂಲು ಸಿಡಿಯಿತು. ಮೊದಲ ತಿರುವಿನ ನಂತರ ಎಲ್ಲರೂ ಒಳಗಿನ ಸಾಲಿಗೆ ಬಂದಾಗ ಕಸ್ತೂರಿ ಮುಂದಿದ್ದಳು. ನಾನೂರು ಓಡುವವಳ ನಡೆ, ಉದ್ದ ಹೆಜ್ಜೆ. ಗುರಿಗೆರೆ ದಾಟಿ ಎರಡನೆಯ ಸುತ್ತಿನ ಗಂಟೆ ಬಾರಿಸಿದಾಗ ಅಹಲ್ಯಾ ಪಕ್ಕದ ಗುಂಡಿ ಒತ್ತಿದಳು. ಕೆಂಪು ಮುಳ್ಳು ನೆತ್ತಿಯ ಗೆರೆಗಿಂತ ಸ್ವಲ್ಪ ಹಿಂದೆ ನಿಂತಿತು. 58.7.

"ಅರವತ್ತೆರಡು!" ಅವಳು ಕೂಗಿದಳು. "ಅರವತ್ತೆರಡು, ಕಸ್ತೂರಿ!"

ಕಸ್ತೂರಿ ಇನ್ನೂ ಜೋರು ಮಾಡಿದಳು. ಮೈದಾನದ ಆಚೆ ಬದಿಯ ನೇರ ದಾರಿಯಲ್ಲಿ ಉಳಿದವರಿಗಿಂತ ಹತ್ತು ಮೀಟರ್ ಮುಂದಿದ್ದಳು. ಕೊನೆಯ ತಿರುವಿನಲ್ಲಿ ಭುಜ ಮೇಲೆದ್ದಿತು. ನೂರು ಮೀಟರ್ ಉಳಿದಾಗ ಮೊಣಕಾಲು ಮೇಲೇಳುವುದನ್ನೇ ಬಿಟ್ಟಿತು. ಒಬ್ಬೊಬ್ಬರಾಗಿ ಐವರು ಅವಳನ್ನು ದಾಟಿದರು. 2:11.3.

ಅವಳು ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದಳು. ಅಹಲ್ಯಾ ಬೇಲಿ ಸುತ್ತಿಕೊಂಡು ಬರುವ ದಾರಿಯಲ್ಲಿ ಮೇಲಿನ ಗುಂಡಿ ಒತ್ತಿದಳು. ಮುಳ್ಳುಗಳು ಸೊನ್ನೆಗೆ ಬಂದವು. ಆಮೇಲೆ ಕನ್ನಡಕ ಕೊಟ್ಟಳು.

"ವಾಟ್ ವಾಸ್ ದಿ ಫಸ್ಟ್ ಲ್ಯಾಪ್?"

"ಅರವತ್ತೆರಡು. ಕೇಳಿಸ್ಲಿಲ್ವಾ?"

"ಕೇಳಿಸ್ತು. ಇಟ್ ಫೆಲ್ಟ್ ಫಾಸ್ಟರ್."

"ಬಿಸಿಲಿಗೆ ಹಾಗನ್ಸತ್ತೆ."

ಕಸ್ತೂರಿ ಎದ್ದು ಕೂತು ಕೈ ಚಾಚಿದಳು. ಅಹಲ್ಯಾ ವಾಚು ಕೊಟ್ಟಳು. ಕಸ್ತೂರಿ ಕನ್ನಡಕವನ್ನು ಬನಿಯನ್ನಿನ ತುದಿಗೆ ಒರೆಸಿ ಹಾಕಿಕೊಂಡು ವಾಚಿನ ಮುಖವನ್ನು ನೋಡಿದಳು.

"ಯು ಝೀರೋಡ್ ಇಟ್."

"ಮರ್ತ್ಬಿಟ್ಟೆ."

ಕಸ್ತೂರಿ ವಾಚನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಮರುದಿನ ಬೆಳಿಗ್ಗೆ ವಿಮಾನ ಹತ್ತಿ ಹೋದಳು.

ಅಕ್ಕ ಕೂಗಿದ್ದು ಅರವತ್ತೆರಡು, ಆಮೇಲೆ ವಾಚನ್ನು ಸೊನ್ನೆ ಮಾಡಿಬಿಟ್ಟಿದ್ದಳು ಎಂದು ಕಸ್ತೂರಿಯಿಂದ ಕೇಳಿದ ಚಂದ್ರಮೌಳಿ ಪರ್ತ್‌ನಲ್ಲಿ ಅದರ ಪಕ್ಕ ಇನ್ನೊಂದು ವಾಚು ಇಟ್ಟು ಹತ್ತು ಸಲ ಪರೀಕ್ಷಿಸಿದರು. ಎರಡು ಮುಳ್ಳಿನ ವಾಚಿನಲ್ಲಿ ದೋಷವಿರಲಿಲ್ಲ. ಫೆಬ್ರವರಿ 10ರಂದು ಅಡಿಲೇಡ್‌ನಿಂದ ಕೂಟದ ಫಲಿತಾಂಶದ ಹಾಳೆಗಳು ಟಪಾಲಿನಲ್ಲಿ ಬಂದವು. ಎಂಟುನೂರರ ಕೆಳಗೆ ಒಂದು ಸಾಲು: ಮೊದಲ ನಾನೂರು, ಕೆ. ಚಂದ್ರಮೌಳಿ, 58.7.

ಅವರು ಹಾಳೆಯನ್ನು ಅಡುಗೆಮನೆಗೆ ತಂದರು. ವಿಶಾಲಾಕ್ಷಿ ಹುಣಸೆಹಣ್ಣು ಕಿವುಚುತ್ತಿದ್ದರು. ನಾಗವೇಣಮ್ಮ ಮೇಜಿನ ಹತ್ತಿರ ಹುರುಳಿಕಾಯಿ ಹೆಚ್ಚುತ್ತಿದ್ದರು.

"ಮೂರು ಸೆಕೆಂಡು," ಎಂದರು. "ಮೂರು ಸೆಕೆಂಡು ತಪ್ಪು ಹೇಗೆ ಆಗತ್ತೆ? ಕೈ ತಪ್ಪಿದ್ರೆ ಅರ್ಧ ಸೆಕೆಂಡು."

"ಅವಳಿಗೆ ಹಿಂದಿನ ರಾತ್ರಿ ಡ್ಯೂಟಿ ಇತ್ತು. ನಿದ್ದೆಗಣ್ಣು," ಎಂದರು ವಿಶಾಲಾಕ್ಷಿ.

"ನಿದ್ದೆಗಣ್ಣಲ್ಲಿ ಸೊನ್ನೆ ಮಾಡೋದನ್ನ ಮಾತ್ರ ಮರೀಲಿಲ್ಲ."

"ಹಾಗಂದ್ರೆ ಏನರ್ಥ?"

"ಅರ್ಥ ಏನು, ಹೊಟ್ಟೆಕಿಚ್ಚು," ಎಂದರು ನಾಗವೇಣಮ್ಮ, ಕತ್ತಿ ನಿಲ್ಲಿಸದೆ. "ಅದನ್ನ ಹೇಳಕ್ಕೆ ಅಡಿಲೇಡಿಂದ ಕಾಗದ ಬರ್ಬೇಕಾಗಿತ್ತಾ?"

"ಅತ್ತೆ, ಮಗು ಬಗ್ಗೆ ಹಾಗನ್ಬೇಡಿ."

"ಇಪ್ಪತ್ಮೂರು ವರ್ಷದ ಡಾಕ್ಟರು, ಮಗುವಂತೆ. ನೀನೇ ಅಲ್ವಾ ಡಬ್ಬಿಯಿಂದ ಹೆಸರು ಕಿತ್ತಿದ್ದು?"

ವಿಶಾಲಾಕ್ಷಿ ಕೈಯನ್ನು ಹುಣಸೆ ನೀರಿನಿಂದ ತೆಗೆದರು. "ಚಿಕ್ಕವಳು ಓಡೋವಾಗ ದೊಡ್ಡವಳ ಹೆಸರಿರೋ ಡಬ್ಬಿ ಯಾಕೆ ಅಂತ ಕತ್ತರಿಸ್ದೆ. ಅವಳಿಗೂ ಬೇಜಾರಾಗಬಾರ್ದು ಅಂತ ರೇಸ್ ಅನ್ನೋದನ್ನ ಹಾಗೇ ಬಿಟ್ಟೆ."

"ಚೆನ್ನಾಗಿ ಬಿಟ್ಟೆ," ಎಂದರು ಅಜ್ಜಿ.

ಚಂದ್ರಮೌಳಿ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು. ಕಸ್ತೂರಿಗೆ ತೋರಿಸಲಿಲ್ಲ.

ಫೆಬ್ರವರಿ 20ಕ್ಕೆ ಅಹಲ್ಯಾ ನಾಲ್ಕು ದಿನದ ರಜೆಯ ಮೇಲೆ ಬಂದಳು. ಶನಿವಾರ ಮಧ್ಯಾಹ್ನದ ಊಟಕ್ಕೆ ವಿಶಾಲಾಕ್ಷಿ ಅವಳಿಗೆ ಇಷ್ಟವಾದ ಹುರುಳಿಕಾಯಿ ಪಲ್ಯ, ಬೇಳೆ ಸಾರು, ಹಪ್ಪಳ ಮಾಡಿದ್ದರು. ಐದು ಮಂದಿಯೂ ಕೂತಿದ್ದರು. ಅನ್ನ ಎರಡನೆಯ ಸಲ ಬಡಿಸುವಾಗ ಚಂದ್ರಮೌಳಿ ಎದ್ದು ಎಡಗೈಯಲ್ಲಿ ನೋಟ್‌ಬುಕ್ ತಂದು ಅಹಲ್ಯಾಳ ತಟ್ಟೆಯ ಪಕ್ಕ ತೆರೆದಿಟ್ಟರು. 30 ಜನವರಿ 1982, ಅಡಿಲೇಡ್. ಕೊನೆಯ ಅಂಕಣದಲ್ಲಿ 2:11.3. ಮೊದಲ ಸುತ್ತಿನ ಅಂಕಣ ಖಾಲಿ.

"ಇದೊಂದು ಉಳಿದಿದೆ. ವಾಚು ಹಿಡಿದವರು ಬರೀಬೇಕು."

"ಊಟ ಆಗ್ಲಿ ಅಂದ್ರೆ," ಎಂದರು ವಿಶಾಲಾಕ್ಷಿ.

"ಮೊದಲು ಬರೀಲಿ."

ಅಹಲ್ಯಾ ತಂದೆಯ ಮುಖ ನೋಡಿದಳು. ಎದ್ದು ನಲ್ಲಿಯ ಬಳಿ ಹೋಗಿ ಸಾರಿನ ಕೈ ತೊಳೆದಳು. ಬಂದು ಕೂತು, ಪೆನ್ನು ತೆಗೆದುಕೊಂಡು ಖಾಲಿ ಅಂಕಣದಲ್ಲಿ 58.7 ಎಂದು ಬರೆದಳು.

ಕಸ್ತೂರಿ ಮೇಜಿನ ಆ ಕಡೆಯಿಂದ ಬಗ್ಗಿ ತಲೆಕೆಳಗಾಗಿದ್ದ ಅಂಕಿಯನ್ನು ಓದಿದಳು.

"ಸೋ ಯು ಸಾ ಇಟ್."

"ನೋಡಿದೆ."

"ನೋಡಿ, ಸಿಕ್ಸ್‌ಟಿ-ಟೂ ಅಂದೆ."

"ಅಂದೆ."

"ಯಾಕೇ?" ಎಂದರು ನಾಗವೇಣಮ್ಮ.

"ಯಾಕಂದ್ರೆ ಏಳು ವರ್ಷ ಅಪ್ಪ ನಂಗೆ ಕೂಗಿದ್ರು! ಆ ಮೈದಾನದಲ್ಲಿ ಇನ್ಯಾರಿಗೂ ಅರ್ಥವಾಗ್ತಿರಲಿಲ್ಲ ಅದು. ಅದೊಂದು ನಂದಾಗಿತ್ತು. ಇವಳು ಬಂದ್ಲು, ರೇಸ್ ತೊಗೊಂಡ್ಲು, ಪುಟ ತೊಗೊಂಡ್ಲು, ಅವಲಕ್ಕಿ ಡಬ್ಬಿನೂ ತೊಗೊಂಡ್ಲು. ನಾಲ್ಕೇ ತಿಂಗಳಲ್ಲಿ. ಅಪ್ಪ ಫೋನ್ ಮಾಡಿ ಹೇಳ್ತಾರೆ, ಇಂಥ ಕಾಲು ಇನ್ನೊಬ್ರಿಗೆ ಇಲ್ಲ ಅಂತ. ನಂಗೆ ಹೇಳ್ತಾರೆ ಅದನ್ನ!"

"ಅವಲಕ್ಕಿ ಕೊಟ್ಟಿದ್ದು ನಾನು," ಎಂದರು ವಿಶಾಲಾಕ್ಷಿ. "ಅದಕ್ಕೆ ನನ್ನ ಬೈ. ಅವಳ ಕಾಲ್ಯಾಕೆ ಮುರಿದೆ?"

ಕಸ್ತೂರಿ ನಕ್ಕಳು. ಒಳ್ಳೆಯ ನಗುವಲ್ಲ ಅದು.

"ಕೆವಿನ್ ಡಿಡ್ನ್ಟ್ ಆಸ್ಕ್ ಮಿ ಟು ಮೂವ್ ಅಪ್," ಎಂದಳು. "ಐ ಆಸ್ಕ್ಡ್ ಹಿಮ್. ಎರಡು ಸಲ ಬೇಡ ಅಂದ. ಗೊತ್ತಾ, ಯಾಕೆ ಕೇಳ್ದೆ ಅಂತ?"

ಅವಳು ಕನ್ನಡಕ್ಕೆ ತಿರುಗಿದ್ದನ್ನು ಎಲ್ಲರೂ ಗಮನಿಸಿದ್ದರು.

"ನಂದು ಟೂ ಹಂಡ್ರೆಡ್. ಇಪ್ಪತ್... ಟ್ವೆಂಟಿ-ಫೈವ್ ಸೆಕೆಂಡ್ಸ್, ಮುಗೀತು. ಯಾರೂ ಏನೂ ಕೂಗಲ್ಲ. ಆಮೇಲೆ ಬೇಲಿ ಹತ್ರ ನಿಂತ್ಕೊಂಡು ನಿನ್ ರೇಸ್ ಕೇಳ್ತಿದ್ದೆ. ನೋಡಕ್ಕಾಗ್ತಿರಲಿಲ್ಲ, ಕನ್ನಡಕ ಬ್ಯಾಗಲ್ಲಿರ್ತಿತ್ತು. ಕೇಳ್ತಿದ್ದೆ. ಅಪ್ಪ ಕೂಗೋದು. ಅರವತ್ನಾಲ್ಕು, ಅರವತ್ಮೂರು. ಐ ಲರ್ನ್ಟ್ ಮೈ ನಂಬರ್ಸ್ ಆಫ್ ದಟ್ ಫೆನ್ಸ್, ಅಕ್ಕ. ಅರವತ್ತರಿಂದ ಎಪ್ಪತ್ತು. ಕನ್ನಡದಲ್ಲಿ ನಂಗೆ ಸರಿಯಾಗಿ ಬರೋದೇ ಅಷ್ಟು. ಅಪ್ಪ ಹ್ಯಾಡ್ ಟು ಟೀಚ್ ಮಿ ಫಿಫ್ಟಿ-ನೈನ್."

ಹಪ್ಪಳದ ತಟ್ಟೆ ಮಧ್ಯದಲ್ಲಿತ್ತು. ನಾಗವೇಣಮ್ಮ ಅದನ್ನು ಕಸ್ತೂರಿಯ ಕಡೆಗೆ ಸರಿಸಿದರು.

"ನಂಗದು ಗೊತ್ತಿರಲಿಲ್ಲ," ಎಂದರು ಚಂದ್ರಮೌಳಿ.

"ನೀವು ಸುಮ್ನಿರಿ," ಎಂದರು ವಿಶಾಲಾಕ್ಷಿ. "ವಾಚು ಹಿಡ್ಕೊಂಡು ಮಕ್ಕಳನ್ನ ಅಳೆದಿದ್ದು ಸಾಕು. ಆ ಪುಸ್ತಕ ತೆಗೀರಿ ಊಟದ ಮೇಜಿಂದ."

ಅಹಲ್ಯಾ ಮತ್ತೆ ಊಟಕ್ಕೆ ಕೈ ಹಾಕಲಿಲ್ಲ. ನಾಲ್ಕು ದಿನಕ್ಕೆ ಬಂದವಳು ಎರಡು ದಿನಕ್ಕೆ ಹೊರಟಳು. ವಿಮಾನ ನಿಲ್ದಾಣಕ್ಕೆ ಬಿಡಲು ಹೋದ ವಿಶಾಲಾಕ್ಷಿ, ತಂಗಿಗೆ ಒಂದು ಮಾತು ಹೇಳು ಎಂದರು. "ಏನಂತ ಹೇಳ್ಲಿ?" ಎಂದಳು ಅಹಲ್ಯಾ. "ನನ್ ಹೊಟ್ಟೆಕಿಚ್ಚು ಹೋಗಿಲ್ಲಮ್ಮ. ಹೋಗಿದೆ ಅಂತ ಸುಳ್ಳು ಹೇಳ್ಲಾ?"

ಮಾರ್ಚ್ 7, ಭಾನುವಾರ ಸಂಜೆ, ಅಡಿಲೇಡ್‌ನ ಕ್ವಾರ್ಟರ್ಸಿಗೆ ಫೋನು ಬಂತು. ಕಸ್ತೂರಿ.

"ಬ್ರಿಸ್ಬೇನ್‌ಗೆ ಬಾ."

"ಅಪ್ಪ ಬರ್ತಿದಾರಂತಲ್ಲ."

"ಬರ್ತಿದಾರೆ. ಹಿ ಕ್ಯಾನ್ ವಾಚ್. ನೀನು ಕೂಗು."

"ತಲೆ ಕೆಟ್ಟಿದ್ಯಾ ನಿಂಗೆ? ಇದೇ ಕೊನೇ ಚಾನ್ಸು ನಿಂಗೆ."

"ಐ ನೋ."

"ನಾನು ಮತ್ತೆ ತಪ್ಪು ಕೂಗಿದ್ರೆ?"

"ದೆನ್ ಐ'ಲ್ ನೋ, ವೋಂಟ್ ಐ? ಅಪ್ಪನ ಕೈಲಿ ಕೂಗಿಸ್ಕೊಂಡು ಗೆದ್ರೂ ಮನೇಲಿ ನೀನು ಹಿಂಗೇ ಇರ್ತೀಯ, ನಾನು ಹಿಂಗೇ ಇರ್ತೀನಿ. ಡ್ಯೂಟಿ ಚೇಂಜ್ ಮಾಡ್ಕೊಂಡು ಬಾ."

ಅಹಲ್ಯಾ ಎರಡು ರಾತ್ರಿ ಪಾಳಿ ಹೆಚ್ಚಿಗೆ ಒಪ್ಪಿಕೊಂಡು ರಜೆ ಪಡೆದಳು.

ಬ್ರಿಸ್ಬೇನ್‌ನಲ್ಲಿ ಅವರು ಉಳಿದದ್ದು ಟೂವಾಂಗ್‌ನಲ್ಲಿ ಡಾ. ಪಂಚಾಕ್ಷರಿಯವರ ಮನೆಯಲ್ಲಿ. ಮೈಸೂರಿನಲ್ಲಿ ಚಂದ್ರಮೌಳಿಯವರ ಸಹಪಾಠಿ. ಶನಿವಾರ ಬೆಳಿಗ್ಗೆ ಅಹಲ್ಯಾ ಅವಲಕ್ಕಿ ಡಬ್ಬಿ ತೆಗೆದಳು. ಹಳೆಯ ಪಟ್ಟಿ ಪೂರ್ತಿ ಹೋಗಿ ಹೊಸದು ಬಂದಿತ್ತು. ತಾಯಿಯ ಅಕ್ಷರದಲ್ಲಿ ಒಂದೇ ಪದ: ಅವಲಕ್ಕಿ. ಅವಳು ಎಂದಿನ ಅಳತೆಗೆ ನೆನೆಹಾಕಿದಳು. ಕಸ್ತೂರಿ ಇನ್ನೊಂದು ಬಟ್ಟಲು ತಂದು ಪಕ್ಕದಲ್ಲಿಟ್ಟಳು.

"ಯು ಟೂ."

"ನಾನು ಓಡ್ತಿಲ್ಲ."

"ಕೂಗಕ್ಕೆ ಶಕ್ತಿ ಬೇಡ್ವಾ?"

ಪಂಚಾಕ್ಷರಿ ಗಟ್ಟಿಯಾಗಿ ನಕ್ಕರು. "ಏನಯ್ಯಾ ಚಂದ್ರು, ನಿನ್ ಕೆಲಸ ಹೋಯ್ತಂತೆ?"

"ರಿಟೈರ್ ಮಾಡಿಸಿದಾರೆ," ಎಂದರು ಚಂದ್ರಮೌಳಿ. ಮುಖದಲ್ಲಿ ನಗುವಿರಲಿಲ್ಲ. ವಾಚನ್ನು ಮೇಜಿನ ಮೇಲೆ ಅಹಲ್ಯಾಳ ಮುಂದಿಟ್ಟರು. ನೋಟ್‌ಬುಕ್ಕನ್ನು ತಮ್ಮ ಬಳಿಯೇ ಇಟ್ಟುಕೊಂಡರು.

ಸೆಪ್ಟೆಂಬರ್ ಕೊನೆಗೆ ಕಾಮನ್‌ವೆಲ್ತ್ ಕೂಟ ನಡೆಯಬೇಕಿದ್ದ ಮೈದಾನ ಅದು. ಚಂದ್ರಮೌಳಿ, ಪಂಚಾಕ್ಷರಿ ಮೇಲಿನ ಸಾಲಿನಲ್ಲಿ ಕೂತರು. ದೂರದಲ್ಲಿ ದೊಡ್ಡ ಬೋರ್ಡಿನ ಮೇಲೆ ಸಮಯ ಓಡುತ್ತಿತ್ತು, ಕಸ್ತೂರಿಯ ಕಣ್ಣಿಗೆ ಅದು ಬರೀ ಬೆಳಕಿನ ಚುಕ್ಕೆ. ಅವಳು ಬೇಲಿಯ ಬಳಿ ಬಂದು ಕನ್ನಡಕ ತೆಗೆದು ಮಡಿಸಿ ಅಕ್ಕನ ಎಡಗೈಯಲ್ಲಿಟ್ಟಳು.

"ಕೂಗು, ಅಕ್ಕ," ಎಂದಳು. ಅಷ್ಟೇ.

ಈ ಸಲ ಅವಳು ಮುಂದೆ ಹೋಗಲಿಲ್ಲ. ನಾಲ್ಕನೆಯವಳಾಗಿ, ಮುಂದಿನವಳ ಹೆಗಲ ಹಿಂದೆ ಅಂಟಿಕೊಂಡು ಓಡಿದಳು. ಅವಳು ಗೆರೆ ದಾಟುತ್ತಿದ್ದಂತೆ ಅಹಲ್ಯಾ ಗುಂಡಿ ಒತ್ತಿದಳು. ಕೆಂಪು ಮುಳ್ಳು ನೆತ್ತಿಯನ್ನು ದಾಟಿ ಒಂದರ ಗೆರೆಯ ಮೇಲೆ ನಿಂತಿತು.

"ಅರವತ್ತೊಂದು!" ಬೇಲಿಯ ಕಂಬಿ ಅವಳ ಹೊಟ್ಟೆಗೆ ಒತ್ತುತ್ತಿತ್ತು. "ಅರವತ್ತೊಂದು, ಕಸ್ತೂರಿ! ಅರವತ್ತೊಂದು!"

ಕಸ್ತೂರಿ ದನಿ ಬಂದ ಕಡೆಗೆ ಒಂದು ಕ್ಷಣ ತಲೆ ತಿರುಗಿಸಿದಳು. ಕಾಣದ ಕಣ್ಣು ಕಿರಿದಾಗಿತ್ತು. ನಂಬಿದಳೋ ಇಲ್ಲವೋ ಅಹಲ್ಯಾಗೆ ತಿಳಿಯಲಿಲ್ಲ. ಆ ನೋಟಕ್ಕೆ ಅರ್ಧ ಹೆಜ್ಜೆ ನಷ್ಟವಾಯಿತು. ಆಮೇಲೆ ಅದೇ ನಡೆಯಲ್ಲಿ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ತಿರುವಿಗೆ ಹೋದಳು. ಆಚೆ ಬದಿಯ ನೇರ ದಾರಿಯಲ್ಲೂ ನಾಲ್ಕನೆಯವಳೇ. ಇನ್ನೂರು ಮೀಟರ್ ಉಳಿದಾಗ ಹೊರಗಿನ ಸಾಲಿಗೆ ಬಂದಳು. ಆಗ ನಾನೂರರ ಹೆಜ್ಜೆ ಬಿಚ್ಚಿಕೊಂಡಿತು. ಮೂರನೆಯವಳು ಹಿಂದೆ ಬಿದ್ದಳು, ತಿರುವು ಮುಗಿಯುವಾಗ ಎರಡನೆಯವಳು. ಮೊದಲನೆಯವಳ ಹೆಗಲ ಮಟ್ಟಕ್ಕೆ ಬಂದು ಗೆರೆ ದಾಟಿದಳು.

ಅಹಲ್ಯಾ ಕಪ್ಪು ಮುಳ್ಳನ್ನು ನಿಲ್ಲಿಸಿದಳು. ಎರಡು ನಿಮಿಷ, ಐದೂವರೆ ದಾಟಿ ಆರಕ್ಕೆ ಮೊದಲು. 2:05.6. ಅಹಲ್ಯಾ ತನ್ನ ಜೀವನದಲ್ಲಿ ಒಮ್ಮೆಯೂ ಓಡದ ಸಮಯ. ಮೇಲಿನ ಸಾಲಿನಲ್ಲಿ ಪಂಚಾಕ್ಷರಿ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಚಂದ್ರಮೌಳಿ ನೋಟ್‌ಬುಕ್ ಹಿಡಿದು ಮೆಟ್ಟಿಲು ಇಳಿಯಲು ಶುರುಮಾಡಿದ್ದರು.

ಕಸ್ತೂರಿ ಸೊಂಟದ ಮೇಲೆ ಕೈಯಿಟ್ಟು, ಏದುಸಿರು ಬಿಡುತ್ತ, ಬೇಲಿಯನ್ನು ತಡವಿಕೊಂಡು ಬಂದಳು.

"ಕನ್ನಡಕ."

ಅಹಲ್ಯಾ ಕೊಟ್ಟಳು. ಕಸ್ತೂರಿ ಹಾಕಿಕೊಂಡಳು. ಬೋರ್ಡಿನ ಕಡೆ ನೋಡಲಿಲ್ಲ, ಎಷ್ಟಾಯಿತೆಂದು ಕೇಳಲಿಲ್ಲ. ಕೈ ಚಾಚಿದಳು. ಅಹಲ್ಯಾ ವಾಚನ್ನು ಅವಳ ಅಂಗೈಯ ಮೇಲಿಟ್ಟಳು.

ಕಸ್ತೂರಿ ಮೊದಲು ಕೆಂಪು ಮುಳ್ಳನ್ನು ನೋಡಿದಳು. ಅದನ್ನು ನೋಡಿ ಮುಗಿಸಿದ ಮೇಲೆ ಕಪ್ಪು ಮುಳ್ಳನ್ನು ನೋಡಿದಳು.

"ಕೂಗಿದ್ನಲ್ಲ," ಎಂದಳು ಅಹಲ್ಯಾ.

"ಕೇಳಿಸ್ತು. ಚೆಕ್ ಮಾಡ್ದೆ." ಬೆವರು ಗಾಜಿನ ಮೇಲೆ ಇಳಿಯುತ್ತಿತ್ತು. "ಖುಷಿನಾ, ಅಕ್ಕ?"

"ಇಲ್ಲ."

ಕಸ್ತೂರಿ ತಲೆಯಾಡಿಸಿದಳು, ಇನ್ನೊಂದು ಸರಿಯಾದ ಸಮಯ ಕೇಳಿಸಿಕೊಂಡವಳಂತೆ. ವಾಚನ್ನು ಹಿಂದಕ್ಕೆ ಕೊಟ್ಟಳು.

"ಅಪ್ಪ ಬರೋವರ್ಗೂ ಗುಂಡಿ ಮುಟ್ಬೇಡ," ಎಂದು ಹೇಳಿ ನೀರು ಕುಡಿಯಲು ಹೋದಳು.

ಚಂದ್ರಮೌಳಿ ಇನ್ನೂ ಅರ್ಧ ಮೆಟ್ಟಿಲಲ್ಲಿದ್ದರು. ಅಹಲ್ಯಾ ವಾಚನ್ನು ಅಂಗೈ ಮೇಲೆ ಅಗಲವಾಗಿ ಹಿಡಿದುಕೊಂಡು, ಹೆಬ್ಬೆರಳನ್ನು ಗುಂಡಿಯಿಂದ ದೂರವಿಟ್ಟು, ಬೇಲಿಯ ಬಳಿಯೇ ನಿಂತಿದ್ದಳು.